ಸಣ್ಣ ಕಾರಿನ ಸಸ್ಪೆನ್ಷನ್ ಸುಧಾರಣೆ: ಹುಬ್ಬಳ್ಳಿ-ಧಾರವಾಡದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು ವರ್ಷದಿಂದ ಹುಬ್ಬಳ್ಳಿಯಲ್ಲಿ ಸಣ್ಣ ಕಾರು ಓಡಿಸುತ್ತಿದ್ದೇನೆ. ಕೆಲಸದ ಮೇಲೆ ವಾರಕ್ಕೆ ಎರಡು ಸಲ ಗದಗಕ್ಕೆ ಹೋಗಿ ಬರುತ್ತೇನೆ. ರಜೆ ಸಿಕ್ಕರೆ ಯಲ್ಲಾಪುರ ದಾಟಿ ಅಂಕೋಲಾ. ಕಾರಿನ ಕೆಳಗೆ ಮಲಗಿ ನೋಡುವ ಅಭ್ಯಾಸ ಮೊದಲಿನಿಂದಲೂ ಇದೆ, ಹಾಗಾಗಿ ಗೆಳೆಯರು, ನೆಂಟರು, ಆಫೀಸಿನವರು ಸಸ್ಪೆನ್ಷನ್ (ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮತ್ತು ಜೋಡಣೆಗಳು) ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಿದ ಉತ್ತರಗಳೇ ಇಲ್ಲಿವೆ. ಸ್ವಿಫ್ಟ್, ವ್ಯಾಗನ್ ಆರ್, ಆಲ್ಟೊ, ಐ10, ಟಿಯಾಗೊ ಇಂಥ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಸ್ಪೀಡ್ 80 ದಾಟಿದರೆ ಕಾರು ತೇಲಿದಂತೆ ಆಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸರಿಹೋಗುತ್ತಾ?

ಬಹಳ ಸಲ ಇಲ್ಲ. ಇನ್ನೂ ಕೆಡಬಹುದು.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡರ ಕೆಲಸ ಬೇರೆ ಬೇರೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದಂತೆ ತಡೆಯುವುದು ಶಾಕ್ ಅಬ್ಸಾರ್ಬರ್, ಅಂದರೆ ಗ್ಯಾರೇಜಿನವರ ಬಾಯಲ್ಲಿ ಶಾಕಬ್ಸರ್. ಅದರೊಳಗೆ ಎಣ್ಣೆ ಇರುತ್ತದೆ. ಚಕ್ರ ಮೇಲೆ ಕೆಳಗೆ ಆದಾಗ ಪಿಸ್ಟನ್ ಆ ಎಣ್ಣೆಯನ್ನು ಸಣ್ಣ ಸಣ್ಣ ತೂತುಗಳಿಂದ ದಾಟಿಸುತ್ತದೆ. ಕುಣಿತದ ಶಕ್ತಿಯೆಲ್ಲ ಅಲ್ಲಿ ಶಾಖವಾಗಿ ಹೋಗುತ್ತದೆ. ಶಾಕಬ್ಸರ್ ಸೋತಿದ್ದರೆ ಸ್ಪ್ರಿಂಗ್ ಒತ್ತಿದಷ್ಟೂ ವಾಪಸ್ ಒದೆಯುತ್ತದೆ, ಕಾರು ತೇಲುತ್ತದೆ.

ಈಗ ಯೋಚಿಸಿ. ಸೋತ ಶಾಕಬ್ಸರ್ ಹಾಗೇ ಇಟ್ಟು ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿದರೆ ಒದೆತ ಜಾಸ್ತಿ ಆಯಿತು, ತಡೆಯುವವನು ಮಾತ್ರ ಅವನೇ ಉಳಿದ. ಟೈರ್ ರಸ್ತೆ ಬಿಟ್ಟು ಏಳುವುದು ಹೆಚ್ಚಾಗುತ್ತದೆ. ಟೈರ್ ನೆಲಕ್ಕೆ ಅಂಟಿಕೊಂಡಷ್ಟು ಹೊತ್ತು ಮಾತ್ರ ಸ್ಟೇರಿಂಗ್ ಮತ್ತು ಬ್ರೇಕು ನಿಮ್ಮ ಮಾತು ಕೇಳುತ್ತವೆ.

ನಮ್ಮ ಕಡೆಯ ರಸ್ತೆಗೆ ಅಂತ ಬೇರೆ ಲೆಕ್ಕ ಇದೆಯಾ?

ಇದೆ. ಈ ಮಾತನ್ನು ನಾನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ಬೆಂಗಳೂರು, ಪುಣೆಯವರ ವಿಡಿಯೋ ನೋಡಿ ಅದೇ ಸೆಟ್ಟಿಂಗ್ ಇಲ್ಲಿ ಮಾಡಿಸಿಕೊಂಡು ಬೇಸರಪಟ್ಟವರನ್ನು ನೋಡಿದ್ದೇನೆ.

ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗದ ಕಡೆ ಹೊರಟರೆ ಎರಡೂ ಬದಿ ಎರೆ ಹೊಲ. ನವಲಗುಂದ, ನರಗುಂದದ ಕಡೆಯೂ ಹಾಗೆಯೇ. ಎರೆ ಮಣ್ಣಿನ ಗುಣ ರೈತರಿಗೆ ಗೊತ್ತೇ ಇದೆ. ಮಳೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಮೇಲೆ ಡಾಂಬರು ಹಾಕಿದ ಮಾತ್ರಕ್ಕೆ ಆ ಮಣ್ಣು ಸುಮ್ಮನಿರುವುದಿಲ್ಲ. ಅದಕ್ಕೇ ಇಂಥ ನೆಲದ ರಸ್ತೆಗಳಲ್ಲಿ ಒಂದೂ ತಗ್ಗು ಇರದಿದ್ದರೂ ಉದ್ದುದ್ದ ಅಲೆಗಳು ಏಳುತ್ತವೆ. ನಿಂತು ನೋಡಿದರೆ ಕಾಣುವುದಿಲ್ಲ. 70-80ರಲ್ಲಿ ಹೋದಾಗ ಸೀಟಿನಲ್ಲಿ ಗೊತ್ತಾಗುತ್ತದೆ. ಮೊದಲ ಅಲೆಗೆ ಕಾರು ಎದ್ದು ಕೂರುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಶಾಕಬ್ಸರ್ ಚೆನ್ನಾಗಿದ್ದರೆ ಮೊದಲನೆಯದು ಅಲ್ಲಿಗೇ ಸಾಯುತ್ತದೆ. ಇಲ್ಲದಿದ್ದರೆ ಒಂದರ ಮೇಲೊಂದು ಕೂಡಿ ಮೂರನೇ ಅಲೆಯಲ್ಲಿ ಕಾರು ದೋಣಿಯಾಗುತ್ತದೆ.

ಧಾರವಾಡದ ಪಶ್ಚಿಮಕ್ಕೆ ಹೊರಟರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಕೆಂಪು ಮಣ್ಣು, ತಿರುವು ಜಾಸ್ತಿ, ಮಳೆಗಾಲ ಮುಗಿದ ಮೇಲೆ ಅಂಚು ಒಡೆದ ರಸ್ತೆ. ಊರೊಳಗೆ ಹಂಪ್, ಪೈಪ್ ಹಾಕಲು ಅಗೆದು ಮುಚ್ಚಿದ ಪಟ್ಟಿಗಳು. ಅಂಕೋಲಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಅರಬೈಲ್ ಘಾಟಿನ ತಿರುವುಗಳು.

ಇದೆಲ್ಲ ಕೂಡಿಸಿದರೆ ನಮಗೆ ಬೇಕಾದದ್ದು ಕಂಪನಿ ಕೊಟ್ಟ ಎತ್ತರ, ಅತಿ ಗಟ್ಟಿಯಲ್ಲದ ಸ್ಪ್ರಿಂಗ್, ಒಳ್ಳೆಯ ಬಲದ ಶಾಕಬ್ಸರ್. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಕೆಲಸ ಮಾಡುವ, ಎತ್ತರ ತಗ್ಗಿಸಿದ ಗಟ್ಟಿ ಸೆಟಪ್ ಇಲ್ಲಿ ಕಾರನ್ನು ಹಾರಿಸುತ್ತದೆಯೇ ಹೊರತು ಹಿಡಿದು ನಿಲ್ಲಿಸುವುದಿಲ್ಲ.

ಶಾಕಬ್ಸರ್ ಹೋಗಿದೆ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಒಂದೊಂದು ಮೂಲೆಯ ಹತ್ತಿರ ನಿಂತು ಬಾನೆಟ್ ಅಥವಾ ಡಿಕ್ಕಿಯ ಅಂಚನ್ನು ಜೋರಾಗಿ ಒತ್ತಿ ಬಿಡಿ. ಮೇಲೆದ್ದು, ಸ್ವಲ್ಪ ಇಳಿದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಹೋಗಿದೆ ಎಂದೇ ಅರ್ಥ. ಆದರೆ ಕುಣಿಯಲಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು. ಅರ್ಧ ಸೋತ ಶಾಕಬ್ಸರ್ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಅದಕ್ಕೆ ಇನ್ನೂ ಮೂರು ನೋಡಿ. ಶಾಕಬ್ಸರ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದೆಯಾ? ತೆಳ್ಳಗೆ ಮಂಜಿನಷ್ಟು ಇದ್ದರೆ ಚಿಂತೆ ಇಲ್ಲ, ಒದ್ದೆಯಾಗಿದ್ದರೆ ಬದಲಿಸಬೇಕು. ಟೈರಿನ ಮೇಲೆ ಅಂಗೈ ಸವರಿ. ಸುತ್ತಲೂ ಅಲ್ಲಲ್ಲಿ ಕುಣಿ ಬಿದ್ದಂತೆ ಸವೆದಿದ್ದರೆ ಆ ಚಕ್ರ ಕುಣಿಯುತ್ತಾ ಓಡಿದೆ. ಕೊನೆಗೆ ಬ್ರೇಕ್. 40ರಲ್ಲಿ ಒತ್ತಿದಾಗ ಮೂತಿ ಬಹಳ ಕೆಳಗೆ ಹೋದರೆ ಮುಂದಿನವು ಸೋತಿವೆ.

ಇದು ನಿಧಾನಕ್ಕೆ ಆಗುವ ಕೆಲಸ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಸ್ವಿಫ್ಟ್ 70 ಸಾವಿರ ಕಿ.ಮೀ. ಆದಾಗ ತಮ್ಮ ಒಂದು ದಿನ ಓಡಿಸಿ, "ಅಣ್ಣಾ, ಹಿಂದ ಏನೋ ಸಡ್ಲ ಆಗೇದ ನೋಡು" ಎಂದ. ನನಗೆ ಏನೂ ಅನ್ನಿಸಿರಲಿಲ್ಲ. ಹಿಂದಿನ ಎರಡನ್ನೂ ಬಿಚ್ಚಿ ಕೈಯಲ್ಲಿ ಒತ್ತಿ ನೋಡಿದರೆ ಒಂದು ಸೈಕಲ್ ಪಂಪಿನಷ್ಟೂ ಬಿಗಿ ಇರಲಿಲ್ಲ. ಆದ್ದರಿಂದ ನಮ್ಮ ರಸ್ತೆಯಲ್ಲಿ 40 ಸಾವಿರ ದಾಟಿದ ಮೇಲೆ ಪ್ರತಿ ಸರ್ವಿಸ್‌ನಲ್ಲೂ ಕೇಳಿ ನೋಡಿಸಿ ಎನ್ನುತ್ತೇನೆ. ಬೇರೆಯವರ ಕೈಗೆ ಒಂದು ದಿನ ಕಾರು ಕೊಟ್ಟು ಕೇಳುವುದೂ ಒಳ್ಳೆಯದೇ.

ಹಣ ಖರ್ಚು ಮಾಡುವ ಮೊದಲು ಏನು ನೋಡಬೇಕು?

ಟೈರು. ಮೊದಲು ಅದೇ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರುಗಳು (ಟ್ರೆಡ್) ಇನ್ನೂ ಉಳಿದಿದ್ದರೂ ಆರೇಳು ವರ್ಷ ಹಳೆಯದಾದ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಅಂಥ ಟೈರಿನ ಮೇಲೆ ಎಂಥ ಸಸ್ಪೆನ್ಷನ್ ಕೂರಿಸಿದರೂ ಉಪಯೋಗವಿಲ್ಲ.

ಆಮೇಲೆ ಗಾಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವಷ್ಟೇ ಹಾಕಿಸಿ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ. ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಗದಗದಿಂದ ಬಂದು ನಿಂತ ಕಾರಿಗೆ ಚೆಕ್ ಮಾಡಿಸಿ, ಜಾಸ್ತಿ ಇದೆ ಎಂದು ಗಾಳಿ ಬಿಡಿಸಬೇಡಿ. ನೈಟ್ರೋಜನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಹಾಕಿಸಿದರೆ ತಪ್ಪಿಲ್ಲ, ಕಾರಿನ ಹಿಡಿತಕ್ಕೆ ಅದರಿಂದ ಏನೂ ಬರುವುದಿಲ್ಲ.

ಮೂರನೆಯದು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವುದು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಒಂದನ್ನೇ ಸುಲಭವಾಗಿ ತಿರುಗಿಸಿ ಹೊಂದಿಸಲು ಬರುತ್ತದೆ. ಕೆಲವು ನೂರು ರೂಪಾಯಿಯ ಕೆಲಸ. ಬೈಪಾಸಿನಲ್ಲಿ ಸ್ಟೇರಿಂಗ್ ಒಂದೇ ಕಡೆ ಎಳೆಯುತ್ತಿದ್ದರೆ ಇಲ್ಲಿಂದ ಶುರು ಮಾಡಿ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಯಾವ ಶಾಕಬ್ಸರ್ ಹಾಕಿಸಲಿ? ಗ್ಯಾಸಿನದ್ದು ಒಳ್ಳೆಯದಾ?

ದಿನ ಬಳಕೆಗೆ ಕಂಪನಿಯದ್ದೇ ಸಾಕು. ಗೇಬ್ರಿಯಲ್, ಮನ್ರೋ, ಕೆವೈಬಿ ಇವೂ ಹೆಸರಾದವು. ನಿಮ್ಮ ಕಾರಿನ ಮಾಡೆಲ್ ಮತ್ತು ವರ್ಷಕ್ಕೆ ಸರಿಯಾದ ಪಾರ್ಟ್ ನಂಬರ್ ನೋಡಿ ತೆಗೆದುಕೊಳ್ಳಿ.

ಗ್ಯಾಸ್ ಶಾಕಬ್ಸರ್ ಅಂದರೆ ಎಣ್ಣೆ ತೆಗೆದು ಗ್ಯಾಸ್ ತುಂಬಿದ್ದಲ್ಲ. ಎಣ್ಣೆ ಇದ್ದೇ ಇರುತ್ತದೆ, ಅದರ ಮೇಲೆ ನೈಟ್ರೋಜನ್ ಒತ್ತಡ ಇರುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದಾಗ ಎಣ್ಣೆ ಬಿಸಿಯಾಗಿ ನೊರೆ ಬರುತ್ತದೆ. ನೊರೆಯನ್ನು ತೂತಿನಿಂದ ದಾಟಿಸುವುದು ಸುಲಭ ಅಲ್ವಾ? ಹಾಗಾಗಿ ತಡೆ ಕಡಿಮೆಯಾಗುತ್ತದೆ. ಗ್ಯಾಸ್ ಒತ್ತಡ ನೊರೆ ಏಳದಂತೆ ನೋಡಿಕೊಳ್ಳುತ್ತದೆ. ನಮ್ಮ ಗದಗ ರಸ್ತೆಯಂಥ ಕಡೆ ಇದರ ಲಾಭ ನನಗೆ ನಿಜವಾಗಿ ಗೊತ್ತಾಗಿದೆ. ಸಣ್ಣ ತಗ್ಗಿನಲ್ಲಿ ಮಾತ್ರ ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ವಯಸ್ಸಾದ ತಂದೆ ತಾಯಿ ದಿನಾ ಕೂರುವ ಕಾರಾದರೆ ಅದನ್ನೂ ಯೋಚಿಸಿ.

ಒಂದೇ ಬದಲಿಸಬೇಡಿ. ಮುಂದಿನವು ಎರಡೂ, ಇಲ್ಲವೇ ಹಿಂದಿನವು ಎರಡೂ. ಎಡಕ್ಕೆ ಹೊಸದು ಬಲಕ್ಕೆ ಹಳೆಯದು ಇದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿ ಬೇರೆ ತರಹ ನಡೆದುಕೊಳ್ಳುತ್ತದೆ. ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕಬ್ಸರ್ ಒಟ್ಟಿಗೆ ಕೂಡಿದ ಜೋಡಣೆ) ಬಿಚ್ಚಿದಾಗಲೇ ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ರಬ್ಬರ್ ಬೂಟ್ ಹೊಸದಾಗಿ ಹಾಕಿಸಿ. ಎರಡನೇ ಸಲ ಬಿಚ್ಚಿದರೆ ಕೂಲಿ ಮತ್ತೆ ಕೊಡಬೇಕು.

ಹೊಸ ಶಾಕಬ್ಸರ್ ಹಾಕಿದ ಮೇಲೂ ಟಕ್ ಟಕ್ ಶಬ್ದ ಹೋಗಿಲ್ಲ, ಯಾಕೆ?

ಬುಷ್ ಅಥವಾ ಲಿಂಕ್ ರಾಡ್ (ಸಸ್ಪೆನ್ಷನ್ ಭಾಗಗಳನ್ನು ಜೋಡಿಸುವ ಸಣ್ಣ ಕಡ್ಡಿ) ಇರಬಹುದು. ಲೋಯರ್ ಆರ್ಮ್ (ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕೆಳಗಿನ ತೋಳು) ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಇವನ್ನೆಲ್ಲ ಕಾರು ಎತ್ತಿಸಿ, ಚಕ್ರ ಹಿಡಿದು ಅಲ್ಲಾಡಿಸಿ ನೋಡಬೇಕು. ಬುಷ್ ಸಣ್ಣ ರಬ್ಬರ್ ತುಂಡು, ಆದರೆ ಅದು ಹರಿದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಚಕ್ರವೇ ತನ್ನ ಜಾಗದಿಂದ ಸರಿಯುತ್ತದೆ. ಸ್ಟೇರಿಂಗ್ ಸಡಿಲ ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಲ್ಲಿ ಒಂದು ವಿಷಯವನ್ನು ಮೆಕ್ಯಾನಿಕ್‌ಗೆ ಖಂಡಿತ ಹೇಳಿ. ಲೋಯರ್ ಆರ್ಮ್ ಬುಷ್ ಹೊಸದು ಹಾಕಿದ ಮೇಲೆ ಬೋಲ್ಟನ್ನು ಕೊನೆಯ ಸಲ ಬಿಗಿ ಮಾಡುವುದು ಕಾರು ತನ್ನ ಚಕ್ರದ ಮೇಲೆ ನಿಂತಾಗ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿ ಮಾಡಿದರೆ, ಕಾರು ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಯಾವಾಗಲೂ ತಿರುಚಿದ ರಬ್ಬರ್ ಬೇಗ ಹರಿಯುತ್ತದೆ. "ಹೊಸ ಬುಷ್ ಆರು ತಿಂಗಳಿಗೇ ಹೋಯಿತು" ಎನ್ನುವವರು ಮೊದಲು ಇದನ್ನು ವಿಚಾರಿಸಿ.

ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಕಾರು ತಗ್ಗಾಗಿ ಹಿಡಿತ ಬರುತ್ತದೆ ಅಂತಾರೆ. ಮಾಡಿಸಲಾ?

ದಯವಿಟ್ಟು ಬೇಡ.

ನನ್ನ ಮೊದಲ ಕಾರು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಮಾರುತಿ 800. ಒಂದು ಗ್ಯಾರೇಜಿನಲ್ಲಿ "ಒಂದು ಸುತ್ತು ತಗದ್ರ ಭಾಳ ಚಂದ ಕಾಣ್ತದ್ರಿ, ಏನೂ ಆಗಂಗಿಲ್ಲ" ಎಂದರು. ಹಿಂದಿನ ಎರಡೂ ಸ್ಪ್ರಿಂಗ್ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರು. ಮೂರು ತಿಂಗಳ ನಂತರ ಕಲಘಟಗಿ ರಸ್ತೆಯಲ್ಲಿ ಒಂದು ದೊಡ್ಡ ತಗ್ಗಿಗೆ ಚಕ್ರ ಇಳಿಯಿತು. ಹಿಂದಿನಿಂದ ಢಬ್ ಎಂಬ ಶಬ್ದ, ಕಾರು ಒಂದು ಕಡೆ ವಾಲಿತು. ಚಕ್ರ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲಾಗಿ ತನ್ನ ಸೀಟಿನಿಂದ, ಅಂದರೆ ಅದು ಕೂರುವ ಜಾಗದಿಂದ ಜರುಗಿತ್ತು. ಹಿಂದೆ ನನ್ನ ಹೆಂಡತಿ, ಮಡಿಲಲ್ಲಿ ಒಂದು ವರ್ಷದ ಮಗಳು. ನಿಧಾನವಾಗಿ ಹೋಗುತ್ತಿದ್ದೆವು, ಏನೂ ಆಗಲಿಲ್ಲ. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ಕಾರಣ ಸರಳ. ಸ್ಪ್ರಿಂಗಿನ ಕೊನೆಯ ಸುತ್ತನ್ನು ಸೀಟಿನಲ್ಲಿ ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಕತ್ತರಿಸಿದರೆ ಆ ಆಕಾರ ಹೋಯಿತು. ಗ್ಯಾಸ್ ಕಟರ್ ಬಿಸಿಗೆ ಉಕ್ಕಿನ ಹದವೂ ಕೆಡುತ್ತದೆ. ಇನ್ನೊಂದು, ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ ಶೇ 20ರಷ್ಟು ಗಟ್ಟಿ. ಆ ಲೆಕ್ಕಕ್ಕೆ ನಿಮ್ಮ ಶಾಕಬ್ಸರ್ ಮಾಡಿದ್ದಲ್ಲ.

ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ತುರುಕಿ ಎತ್ತರ ಮಾಡುವುದು?

ಅದೂ ಬೇಡ. ರಬ್ಬರ್ ಸಿಕ್ಕಿಸಿದ ಸುತ್ತು ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಒತ್ತಡ ಪಕ್ಕದ ಸುತ್ತುಗಳ ಮೇಲೆ ಬೀಳುತ್ತದೆ. ಕಾರು ಎತ್ತರ ಆದರೆ ತಿರುವಿನಲ್ಲಿ ವಾಲುವುದೂ ಹೆಚ್ಚು. ಹಿಂಭಾಗ ಕುಸಿದಿದ್ದರೆ ಸ್ಪ್ರಿಂಗ್ ಹಳೆಯದಾಗಿದೆ. ಕಂಪನಿಯ ಹೊಸ ಸ್ಪ್ರಿಂಗ್ ಹಾಕಿಸಿ. ಅದರ ಬೆಲೆ ಶಾಕಬ್ಸರಿಗಿಂತ ಬಹಳ ದೊಡ್ಡದೇನಲ್ಲ.

ಒಳ್ಳೆಯ ಕಂಪನಿಯ ಲೋಯರಿಂಗ್ ಸ್ಪ್ರಿಂಗ್ ಆದರೆ ಹಾಕಬಹುದಾ?

ಐಬಾಕ್‌ನಂಥವರ ಸ್ಪ್ರಿಂಗ್ ಕತ್ತರಿಸಿದ್ದರಂತೆ ಅಲ್ಲ, ಲೆಕ್ಕ ಹಾಕಿ ಮಾಡಿರುತ್ತಾರೆ. ಕಾರಿನ ಭಾರ ನೆಲಕ್ಕೆ ಹತ್ತಿರ ಬಂದಷ್ಟೂ ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ, ಇದು ನಿಜ. ಆದರೆ ನಮ್ಮ ಊರಿನ ಲೆಕ್ಕ ಹಾಕಿ.

ಆಲ್ಟೊ 800ರ ನೆಲದ ಅಂತರ 160 ಮಿ.ಮೀ., 2018ರ ಸ್ವಿಫ್ಟ್‌ನದ್ದು 163. 30 ಮಿ.ಮೀ. ತಗ್ಗಿಸಿದರೆ ಉಳಿಯುವುದು 130ರ ಆಸುಪಾಸು. ನಾಲ್ಕು ಜನ ಕೂತರೆ ಅದರಲ್ಲೂ ಕಳೆಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ನಿಧಾನವಾಗಿ ಏರಿ ಇಳಿಯುವಂಥದ್ದು. ನಿಮ್ಮ ಓಣಿಯ ಹಂಪ್ ಅಷ್ಟು ಅಗಲ ಇದೆಯಾ, ಅಳೆದು ನೋಡಿ. ನಮ್ಮ ಓಣಿಯದ್ದು ಒಂದು ಮೀಟರ್ ಕೂಡ ಇಲ್ಲ, ಗೋಡೆ ಕಟ್ಟಿದ ಹಾಗಿದೆ.

ನಾನಾಗಿದ್ದರೆ ಹಾಕುವುದಿಲ್ಲ. ಹಾಕಲೇಬೇಕು ಅಂತಿದ್ದರೆ 15-20 ಮಿ.ಮೀ.ಗಿಂತ ಹೆಚ್ಚು ಇಳಿಸಬೇಡಿ, ಅದಕ್ಕೆ ಹೊಂದುವ ಶಾಕಬ್ಸರ್ ಜೊತೆಗೇ ಹಾಕಿಸಿ.

ಆ್ಯಂಟಿ ರೋಲ್ ಬಾರ್ ಅಂದರೇನು? ಅದರಿಂದ ಲಾಭ ಇದೆಯಾ?

ಎಡ ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸಲಾಕೆ ಅದು. ತಿರುವಿನಲ್ಲಿ ಒಂದು ಬದಿ ಒತ್ತಿ ಇನ್ನೊಂದು ಎದ್ದಾಗ ಸಲಾಕೆ ತಿರುಚಿಕೊಳ್ಳುತ್ತದೆ, ಕಾರು ವಾಲುವುದನ್ನು ತಡೆಯುತ್ತದೆ. ನೇರ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಎದ್ದರೆ ಸುಮ್ಮನಿರುತ್ತದೆ. ಹಾಗಾಗಿ ಸ್ಪ್ರಿಂಗ್ ಗಟ್ಟಿ ಮಾಡುವುದಕ್ಕಿಂತ ಇದು ಜಾಣ ದಾರಿ.

ಸಲಾಕೆ ಸ್ವಲ್ಪ ದಪ್ಪವಾದರೂ ಬಲ ಬಹಳ ಏರುತ್ತದೆ. 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೆ ಸುಮಾರು ಶೇ 46ರಷ್ಟು ಗಟ್ಟಿ. ಆದರೆ ಎಲ್ಲಿ ಹಾಕುತ್ತೀರಿ ಎನ್ನುವುದು ಮುಖ್ಯ. ನಮ್ಮ ಸಣ್ಣ ಕಾರುಗಳಲ್ಲಿ ಇಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದೆ. ವೇಗವಾಗಿ ತಿರುಗಿದರೆ ಮೂತಿ ಹೊರಗೆ ಜಾರುತ್ತದೆ. ಮುಂದಿನ ಸಲಾಕೆ ದಪ್ಪ ಮಾಡಿದರೆ ವಾಲುವುದು ಕಡಿಮೆ, ಮೂತಿ ಜಾರುವುದು ಜಾಸ್ತಿ. ಹಿಂದೆ ಬಲ ಕೊಟ್ಟರೆ ಮೂತಿ ಚೆನ್ನಾಗಿ ತಿರುಗುತ್ತದೆ. ಅತಿ ಮಾಡಿದರೆ ಮಳೆಯಲ್ಲಿ ಹಿಂಭಾಗವೇ ಜಾರುತ್ತದೆ, ಅದನ್ನು ಸಂಭಾಳಿಸುವುದು ಎಲ್ಲರ ಕೈಯಲ್ಲಿ ಆಗದು. ಜೂನ್, ಜುಲೈನಲ್ಲಿ ಅರಬೈಲ್ ಇಳಿಯುವವರು ಇದನ್ನು ನೆನಪಿಡಿ. ಮೊದಲು ಇರುವ ಸಲಾಕೆಯ ಬುಷ್, ಲಿಂಕ್ ರಾಡ್ ಹೊಸದು ಮಾಡಿಸಿ ಓಡಿಸಿ ನೋಡಿ.

ಅಗಲ ಟೈರ್, ದೊಡ್ಡ ಅಲಾಯ್ ಹಾಕಿದರೆ?

ನಿಮ್ಮದೇ ಮಾಡೆಲಿನ ಮೇಲಿನ ವೇರಿಯಂಟ್‌ಗೆ ಕಂಪನಿ ಕೊಡುವ ಅಳತೆಯವರೆಗೆ ಹೋಗಿ. ಸ್ವಿಫ್ಟ್ ಉದಾಹರಣೆ: ಕೆಳಗಿನದಕ್ಕೆ 165/80 ಆರ್14, ಮೇಲಿನದಕ್ಕೆ 185/65 ಆರ್15 (ಮೊದಲನೆಯದು ಟೈರಿನ ಅಗಲ ಮಿ.ಮೀ.ಯಲ್ಲಿ, ಎರಡನೆಯದು ಬದಿಯ ಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು). ಎರಡರ ಒಟ್ಟು ಎತ್ತರ ಲೆಕ್ಕ ಹಾಕಿದರೆ 2 ಮಿ.ಮೀ. ಮಾತ್ರ ವ್ಯತ್ಯಾಸ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಚಕ್ರ ಎಲ್ಲೂ ತಾಗುವುದಿಲ್ಲ. ಬದಿಯ ಗೋಡೆ ಗಿಡ್ಡವಾದ್ದರಿಂದ ಸ್ಟೇರಿಂಗ್ ಚುರುಕು. ಇದಕ್ಕಿಂತ ಮುಂದೆ ಹೋಗಿ ತೆಳ್ಳನೆಯ ಗೋಡೆಯ ಟೈರ್ ಹಾಕಿದರೆ ತಗ್ಗಿನಲ್ಲಿ ಅಲಾಯ್ ಒಡೆಯುತ್ತದೆ, ಗೋಡೆಯಲ್ಲಿ ಗುಳ್ಳೆ ಬರುತ್ತದೆ.

ಸ್ಟ್ರಟ್ ಬಾರ್, ಕಾಯಿಲೋವರ್?

ಎರಡು ಸ್ಟ್ರಟ್ಟುಗಳ ತಲೆಯನ್ನು ಜೋಡಿಸುವ ಸ್ಟ್ರಟ್ ಬಾರ್‌ನಿಂದ ದಿನ ಬಳಕೆಯಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಶಾಕಬ್ಸರ್ ಜೋಡಿ) ಚೆನ್ನೈ, ಕೊಯಮತ್ತೂರಿನ ಟ್ರ್ಯಾಕಿಗೆ ಹೋಗುವವರಿಗೆ. ಅಷ್ಟು ಹಣ ಇದ್ದರೆ ನಾಲ್ಕು ಒಳ್ಳೆಯ ಟೈರ್, ನಾಲ್ಕು ಶಾಕಬ್ಸರ್, ಎಲ್ಲ ಬುಷ್ ಹಾಕಿಸಿ. ಇನ್ನೂ ಮಿಗುತ್ತದೆ.

ಕಾರಿನಲ್ಲಿ ಸಾಮಾನು ತುಂಬುತ್ತೇವೆ, ಸಿಎನ್‌ಜಿ ಸಿಲಿಂಡರ್ ಬೇರೆ ಇದೆ. ಹಿಂದೆ ಗಟ್ಟಿ ಸ್ಪ್ರಿಂಗ್ ಬೇಡವಾ?

ಇಲ್ಲಿ ಹೌದು ಎನ್ನಬಹುದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹಾಕಿಕೊಂಡು ಹೋಗುವ ಗೆಳೆಯನ ಕಾರು ನೋಡಿದ್ದೇನೆ, ಹಿಂದಿನ ಭಾರಕ್ಕೆ ಮೂತಿ ಆಕಾಶ ನೋಡುತ್ತಿರುತ್ತದೆ. ಮೂತಿ ಎದ್ದರೆ ಮುಂದಿನ ಟೈರಿನ ಮೇಲೆ ಭಾರ ಕಡಿಮೆ, ಸ್ಟೇರಿಂಗ್ ಹಗುರ, ಎದುರಿನವರ ಕಣ್ಣಿಗೆ ಹೆಡ್‌ಲೈಟ್. ಮೊದಲು ಚೀಲಗಳನ್ನು ಹಿಂದಿನ ಸೀಟು ಮಡಚಿ ಆದಷ್ಟು ಮುಂದಕ್ಕೆ ಇಟ್ಟು, ಜರುಗದಂತೆ ಕಟ್ಟಿ. ಸ್ಟಿಕ್ಕರಿನಲ್ಲಿ ಫುಲ್ ಲೋಡಿಗೆ ಬೇರೆ ಗಾಳಿ ಬರೆದಿರುತ್ತದೆ, ಅಷ್ಟು ಹಾಕಿಸಿ.

ಕಂಪನಿಯೇ ಕೊಟ್ಟ ಸಿಎನ್‌ಜಿ ಕಾರಿನಲ್ಲಿ ಹಿಂದಿನ ಸಸ್ಪೆನ್ಷನ್ ಆ ಭಾರಕ್ಕೆ ಹೊಂದಿಸಿರುತ್ತಾರೆ. ಹೊರಗೆ ಕಿಟ್ ಹಾಕಿಸಿದವರು ಅದೇ ಮಾಡೆಲಿನ ಸಿಎನ್‌ಜಿ ಕಾರಿನ ಹಿಂದಿನ ಸ್ಪ್ರಿಂಗ್ ಪಾರ್ಟ್ ನಂಬರ್ ಕೇಳಿ, ನಿಮ್ಮ ಕಾರಿಗೆ ಹೊಂದುತ್ತದೆಯಾ ಎಂದು ಖಚಿತ ಮಾಡಿಕೊಂಡು ತರಿಸಿ.

ಆರ್‌ಟಿಓ, ಇನ್ಶೂರೆನ್ಸ್ ತೊಂದರೆ ಇದೆಯಾ?

ಹಳೆಯ ಭಾಗ ತೆಗೆದು ಅದೇ ಅಳತೆಯದ್ದು ಹಾಕಿದರೆ ಅದು ರಿಪೇರಿ, ತೊಂದರೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕಾರಿನ ಎತ್ತರ ಬದಲಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಹೇಳದೆ ಮಾಡಿಸಿದ ಬದಲಾವಣೆ ಕ್ಲೇಮ್ ಹೊತ್ತಿಗೆ ಅಡ್ಡ ಬರಬಹುದು.

ಕೆಲಸ ಮನೆಯಲ್ಲೇ ಮಾಡಬಹುದಾ?

ಹಿಂದಿನ ಶಾಕಬ್ಸರ್ ಕೆಲವು ಕಾರುಗಳಲ್ಲಿ ಸುಲಭ. ಮುಂದಿನ ಸ್ಟ್ರಟ್ ಬೇಡ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮೇಲಿನ ನಟ್ ಬಿಚ್ಚಿದರೆ ಒತ್ತಿಟ್ಟ ಸ್ಪ್ರಿಂಗ್ ಸಿಡಿಯುತ್ತದೆ, ಪ್ರಾಣಕ್ಕೇ ಅಪಾಯ. ಗ್ಯಾರೇಜಿನಲ್ಲೂ ಹಗ್ಗ, ತಂತಿ ಕಟ್ಟಿ ಬಿಚ್ಚುತ್ತಿದ್ದರೆ ಅಲ್ಲಿಂದ ಕಾರು ವಾಪಸ್ ತನ್ನಿ.

ಕೆಲಸ ಮುಗಿದ ಮೇಲೆ ಸರಿಯಾಗಿದೆಯಾ ಎಂದು ಹೇಗೆ ನೋಡುವುದು?

ಅಲೈನ್‌ಮೆಂಟ್ ಮಾಡಿಸಿ, ಅದರ ಪ್ರಿಂಟ್ ತೆಗೆದುಕೊಳ್ಳಿ. ಸ್ಟ್ರಟ್ ಬಿಚ್ಚಿ ಹಾಕಿದರೆ ಅಲೈನ್‌ಮೆಂಟ್ ಸ್ವಲ್ಪವಾದರೂ ಬದಲಾಗಿರುತ್ತದೆ. ಆಮೇಲೆ ಕೆಲಸಕ್ಕೆ ಮೊದಲು ಓಡಿಸಿದ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಓಡಿಸಿ. ನಾನು ಗದಗ ರಸ್ತೆಯಲ್ಲಿ ಅಣ್ಣಿಗೇರಿಗೆ ಮೊದಲು ಸಿಗುವ ಒಂದು ಅಲೆಯ ಜಾಗವನ್ನು ಗುರುತು ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಬೇಗ, ಟ್ರಾಫಿಕ್ ಇಲ್ಲದಾಗ 60ರಲ್ಲಿ ದಾಟುತ್ತೇನೆ. ಸ್ವಿಫ್ಟ್‌ಗೆ ಹೊಸ ಶಾಕಬ್ಸರ್ ಹಾಕಿದ ಮರುದಿನ ಅದೇ ಜಾಗದಲ್ಲಿ ಕಾರು ಒಂದೇ ಸಲ ಎದ್ದು ಕೂತಿತು. ಡ್ಯಾಶ್‌ಬೋರ್ಡ್ ಮೇಲಿಟ್ಟ ನೀರಿನ ಬಾಟಲಿ ಅಲ್ಲಾಡಿದರೂ ಉರುಳಲಿಲ್ಲ.

ಐನೂರು ಕಿ.ಮೀ. ಆದ ಮೇಲೆ ಮತ್ತೊಮ್ಮೆ ಹೋಗಿ ಎಲ್ಲ ಬೋಲ್ಟ್ ಬಿಗಿ ಇವೆಯಾ ಎಂದು ನೋಡಿಸಿಕೊಂಡು ಬನ್ನಿ.